ಕಾನೂನು ವಿದ್ಯಾರ್ಥಿಗಳಿಗೆ ಆರೋಪಿ ಪರ ಕ್ಲಿನಿಕ್: ವಕಾಲತ್ತು ಹಾಕಲಾಗದವರು ನಿಜವಾದ ಫೈಲಿನಲ್ಲಿ ಏನು ಮಾಡಬಹುದು?

ಅಪರಾಧ ಕಾನೂನಿನ ಅಧ್ಯಾಪಕಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಾನೂನು ಕಾಲೇಜಿನಲ್ಲಿ ಒಂಬತ್ತು ವರ್ಷಗಳಿಂದ ದಂಡ ಪ್ರಕ್ರಿಯೆ ಮತ್ತು ಸಾಕ್ಷ್ಯ ಕಾನೂನು ಕಲಿಸುತ್ತಿದ್ದೇನೆ. ಬಾರ್ ಕೌನ್ಸಿಲ್‌ನ 2008ರ ನಿಯಮಗಳಂತೆ ನಮ್ಮ ಪ್ರಾಯೋಗಿಕ ಪತ್ರಿಕೆಯಲ್ಲಿ ಅಣಕು ನ್ಯಾಯಾಲಯಕ್ಕೆ 30, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ವಿಚಾರಣೆಯನ್ನು ಕೂತು ನೋಡಿದ್ದಕ್ಕೆ 30, ಕಕ್ಷಿದಾರರ ಸಂದರ್ಶನ ಮತ್ತು ಡೈರಿಗೆ 30, ಮೌಖಿಕ ಪರೀಕ್ಷೆಗೆ 10 ಅಂಕಗಳಿವೆ. ಪ್ರತಿ ವರ್ಷ ನಾನು ತಿದ್ದುವ ಡೈರಿಗಳಲ್ಲಿ ಹೆಚ್ಚಿನವುಗಳಲ್ಲಿ 'ವಕೀಲರು ಸಮಯ ಕೇಳಿದರು, ನ್ಯಾಯಾಧೀಶರು ವಾಯಿದೆ ಕೊಟ್ಟರು' ಎಂಬುದರ ಹೊರತು ಏನೂ ಇರುವುದಿಲ್ಲ. ಕಟಕಟೆಯಲ್ಲಿ ನಿಂತಿದ್ದವನು ಯಾರು, ಎಷ್ಟು ದಿನದಿಂದ ಒಳಗಿದ್ದಾನೆ, ಅವನ ಜೊತೆ ಯಾರಾದರೂ ಕೂತು ಮಾತನಾಡಿದ್ದಾರೆಯೇ ಎಂಬ ಬಗ್ಗೆ ಒಂದು ಸಾಲೂ ಸಿಗುವುದಿಲ್ಲ.

ಆದ್ದರಿಂದ ಬರುವ ಸೆಮಿಸ್ಟರ್‌ನಿಂದ ಕೊನೆಯ ವರ್ಷದ ಹನ್ನೆರಡು ವಿದ್ಯಾರ್ಥಿಗಳನ್ನು ಸೇರಿಸಿ, ಪರಪ್ಪನ ಅಗ್ರಹಾರದಲ್ಲಿರುವ ವಿಚಾರಣಾಧೀನ ಕೈದಿಗಳ ನಿಜವಾದ ಪ್ರಕರಣಗಳನ್ನು ಇಟ್ಟುಕೊಂಡು, ಕಾನೂನು ಸೇವಾ ಪ್ರಾಧಿಕಾರದ ಸಹಕಾರದಲ್ಲಿ ಒಂದು ಆರೋಪಿ ಪರ ಕ್ಲಿನಿಕ್ (ಕೆಲಸ ಮಾಡುತ್ತಲೇ ಕಲಿಯುವ ಕಾನೂನು ನೆರವಿನ ಕೇಂದ್ರ) ನಡೆಸಬೇಕೆಂದಿದ್ದೇನೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮವೇ ಕಾನೂನು ಕಾಲೇಜುಗಳಲ್ಲಿ ಇಂಥ ಕ್ಲಿನಿಕ್‌ಗಳನ್ನು ಬೆಳೆಸಬೇಕೆಂದು ಹೇಳುತ್ತದೆ.

ಹಿಂಜರಿಕೆಗೆ ಒಂದು ಕಾರಣವಿದೆ. ಕಳೆದ ವರ್ಷ ಐದು ವಿದ್ಯಾರ್ಥಿಗಳನ್ನು ಜೈಲಿಗೆ ಕರೆದುಕೊಂಡು ಹೋಗಿದ್ದೆ. ಮೊಬೈಲ್ ಕಿತ್ತುಕೊಂಡ ಆರೋಪದ ಮೇಲೆ ಒಳಗಿದ್ದ ಇಪ್ಪತ್ತು ವರ್ಷದ ಹುಡುಗನ ಕಥೆ ಕೇಳಿ ನಮ್ಮ ವಿದ್ಯಾರ್ಥಿಯೊಬ್ಬ ಕರಗಿಹೋಗಿ, 'ಮುಂದಿನ ವಾರ ನಿನಗೆ ಜಾಮೀನು ಆಗುತ್ತದೆ' ಎಂದುಬಿಟ್ಟ. ಆ ಹುಡುಗ ಮನೆಗೆ ಫೋನ್ ಮಾಡಿದ. ಅವನ ತಾಯಿ ಎರಡು ದಿನದ ಕೂಲಿ ಬಿಟ್ಟು, ಕಲಬುರಗಿಯಿಂದ ರಾತ್ರಿ ರೈಲು ಹತ್ತಿ ಬಂದು, ನೃಪತುಂಗ ರಸ್ತೆಯ ಕೋರ್ಟಿನ ಮುಂದೆ ಎರಡು ದಿನ ಕಾದು ಕೂತಿದ್ದರು. ಆಗ ಜಾಮೀನು ಅರ್ಜಿಯನ್ನೇ ಹಾಕಿರಲಿಲ್ಲ. ತಪ್ಪು ವಿದ್ಯಾರ್ಥಿಯದಲ್ಲ, ನನ್ನದು. ಏನು ಕೇಳಬೇಕೆಂದು ಕಲಿಸಿದ್ದೆ, ಏನು ಹೇಳಬಾರದೆಂದು ಕಲಿಸಿರಲಿಲ್ಲ.

1961ರ ವಕೀಲರ ಅಧಿನಿಯಮದ ಪ್ರಕಾರ ವಿದ್ಯಾರ್ಥಿಗಳು ವಾದ ಮಾಡುವಂತಿಲ್ಲ. ಹಾಗಿದ್ದ ಮೇಲೆ ಆರೋಪಿಗೆ ನಿಜಕ್ಕೂ ಉಪಯೋಗವಾಗುವ ಯಾವ ಕೆಲಸವನ್ನು ಅವರ ಕೈಗೆ ಕೊಡಬಹುದು? ಇನ್ನೊಬ್ಬರ ಬಿಡುಗಡೆಯ ಪ್ರಶ್ನೆಯನ್ನು ಹೊಸಬರ ಕಲಿಕೆಗೆ ಒಡ್ಡುವುದು ಸರಿಯೇ? ಅನುಭವ ಇದ್ದವರು ದಯವಿಟ್ಟು ಬರೆಯಿರಿ.

ಇಪ್ಪತ್ತೆರಡು ವರ್ಷದ ಪ್ರಾಕ್ಟೀಸ್

ಮೇಡಂ, ತಮ್ಮ ಕಾಳಜಿಯನ್ನು ಗೌರವಿಸುತ್ತೇನೆ, ಆದರೆ ಇದು ಕಾಲೇಜಿನಿಂದ ಆಗುವ ಕೆಲಸವಲ್ಲ. ಮೊಕದ್ದಮೆ ಸೆಮಿಸ್ಟರ್ ನೋಡಿಕೊಂಡು ನಡೆಯುವುದಿಲ್ಲ. ಆಂತರಿಕ ಪರೀಕ್ಷೆಯ ದಿನವೇ ಚಾರ್ಜ್‌ಶೀಟ್ ಬೀಳುತ್ತದೆ, ರಜೆಯಲ್ಲಿ ವಾರಂಟ್ ಹೊರಡುತ್ತದೆ. ಎರಡನೆಯದಾಗಿ, ತಾವು ಪೂರ್ಣಾವಧಿ ಸಂಬಳದ ಅಧ್ಯಾಪಕಿ, ವಕಾಲತ್ತಿಗೆ ಸಹಿ ಹಾಕುವ ಹಾಗಿಲ್ಲ. ಹಾಗಾದರೆ ಆ ಆರೋಪಿಗೆ ಜವಾಬ್ದಾರರು ಯಾರು? ನಾವೆಲ್ಲ ಸೀನಿಯರ್ ಆಫೀಸಿನಲ್ಲಿ ಕಟ್ಟು ಹೊತ್ತು, ಬೆಂಚ್ ಕ್ಲರ್ಕ್ ಹತ್ತಿರ ಬೈಸಿಕೊಂಡು ಕಲಿತವರು. ಆ ದಾರಿ ಈಗಲೂ ತೆರೆದೇ ಇದೆ.

ಅರೆಕಾಲಿಕ ಉಪನ್ಯಾಸಕ

ಸಹಿಯ ಸಮಸ್ಯೆಗೆ ದಾರಿಯಿದೆ. ವೃತ್ತಿನಿರತ ವಕೀಲರು ದಿನಕ್ಕೆ ಮೂರು ಗಂಟೆ ಮೀರದಂತೆ ಕಾನೂನು ಬೋಧಿಸಲು 1979ರ ನಿಯಮಗಳು ಅವಕಾಶ ಕೊಟ್ಟಿವೆ. ಅಂಥವರೊಬ್ಬರು ಕ್ಲಿನಿಕ್‌ನ ವಕೀಲರಾಗಿ ವಕಾಲತ್ತು ಹಾಕಬೇಕು, ಅಧ್ಯಾಪಕರು ಕಲಿಕೆಯ ಭಾಗವನ್ನು ನೋಡಿಕೊಳ್ಳಬೇಕು. ನಾನು ಬೆಳಿಗ್ಗೆ ಪಾಠ ಮಾಡಿ ಹನ್ನೊಂದಕ್ಕೆ ಕೋರ್ಟಿಗೆ ಹೋಗುವವನು, ಆದ್ದರಿಂದ ಇದು ಕಾಗದದ ಮೇಲಿನ ಮಾತಲ್ಲ. ವಕೀಲರ ಅಧಿನಿಯಮದ 32ನೇ ಕಲಮಿನಂತೆ ನ್ಯಾಯಾಲಯ ಒಂದು ನಿರ್ದಿಷ್ಟ ಪ್ರಕರಣದಲ್ಲಿ ವಕೀಲರಲ್ಲದವರಿಗೂ ಹಾಜರಾಗಲು ಅನುಮತಿ ಕೊಡಬಹುದು, ಆದರೆ ಅದನ್ನು ನಂಬಿಕೊಂಡು ಪಠ್ಯಕ್ರಮ ಕಟ್ಟಲಾಗದು.

ಸೀನಿಯರ್ ಆಫೀಸಿನ ಬಗ್ಗೆ ಒಂದು ಮಾತು. ಅಲ್ಲಿ ಕಲಿಯುವುದು ನಿಜ. ಆದರೆ ಅಲ್ಲಿ 'ಈ ಪ್ರಶ್ನೆಯನ್ನು ಯಾಕೆ ಕೇಳಿದಿರಿ' ಎಂದು ಜೂನಿಯರ್ ಕೇಳಿದರೆ ಉತ್ತರ ಹೇಳಲು ಸೀನಿಯರಿಗೆ ಪುರುಸೊತ್ತು ಇರುವುದಿಲ್ಲ. ಕ್ಲಿನಿಕ್ ಎಂದರೆ ಆ ಪುರುಸೊತ್ತು.

ಐದನೇ ವರ್ಷದ ವಿದ್ಯಾರ್ಥಿನಿ

ನಾನು ಬೇರೆ ಕಾಲೇಜಿನವಳು. ಇಂಟರ್ನ್‌ಶಿಪ್‌ನಲ್ಲಿ ಒಬ್ಬ ವಕೀಲೆಯ ಬಳಿ ಇದ್ದಾಗ ನನಗೆ ಒಂದು ಕಳವಿನ ಪ್ರಕರಣದ ಕಾಗದಗಳನ್ನು ಕೊಟ್ಟು, 'ಇದರಲ್ಲಿರುವ ಎಲ್ಲ ಸಮಯಗಳನ್ನೂ ಒಂದು ಹಾಳೆಯ ಮೇಲೆ ಸಾಲಾಗಿ ಬರೆ, ಬೇರೇನೂ ಮಾಡಬೇಡ' ಎಂದರು. ನನಗೆ ಬೇಸರವಾಗಿತ್ತು. ಬರೆಯುತ್ತ ಹೋದೆ. ವಶಪಡಿಸಿಕೊಂಡ ಮಹಜರಿನಲ್ಲಿ, ಆರೋಪಿ ತೋರಿಸಿಕೊಟ್ಟಂತೆ ಸಂಜೆ 4.30ರಿಂದ 5.30ರವರೆಗೆ ಪಂಚರ ಸಮಕ್ಷಮ ಮಹಜರು ಜರುಗಿಸಲಾಯಿತು ಎಂದಿತ್ತು. ಬಂಧನದ ಮೆಮೊದಲ್ಲಿ ಬಂಧಿಸಿದ ವೇಳೆ ರಾತ್ರಿ 8 ಗಂಟೆ ಎಂದಿತ್ತು. ಹಾಗಾದರೆ ಆ ಮೂರೂವರೆ ಗಂಟೆ ಅವನು ಯಾರ ವಶದಲ್ಲಿದ್ದ? ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕೆಂಬ ಲೆಕ್ಕ ಯಾವಾಗಿನಿಂದ ಶುರು? ಸಂವಿಧಾನದ 22ನೇ ವಿಧಿಯನ್ನು ನಾನು ಮೂರು ಪರೀಕ್ಷೆಗಳಲ್ಲಿ ಬರೆದು ಅಂಕ ತೆಗೆದಿದ್ದೆ. ಅದು ನನಗೆ ಅರ್ಥವಾದದ್ದು ಆ ಹಾಳೆಯ ಮೇಲೆ.

ಮೇಡಂ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ದಿನಕ್ಕೆ ಹತ್ತಾರು ಪ್ರಕರಣ ನಡೆಸುವ ವಕೀಲರಿಗೆ ಒಂದು ಫೈಲನ್ನು ನಾಲ್ಕು ಸಲ ಓದಲು ಆಗುವುದಿಲ್ಲ. ನಮಗೆ ಆಗುತ್ತದೆ.

ನಿವೃತ್ತ ಎಪಿಪಿ

ಮೇಲಿನ ಮಗಳು ಬರೆದದ್ದು ಸರಿಯಾಗಿದೆ. ಅದಕ್ಕೆ ಒಂದನ್ನು ಸೇರಿಸುತ್ತೇನೆ. 2024ರ ಜುಲೈ 1ರಿಂದ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಬದಲಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮಿನಂತೆ ಶೋಧನೆ ಮತ್ತು ಜಪ್ತಿಯನ್ನು ವಿಡಿಯೊ ಚಿತ್ರೀಕರಣ ಮಾಡಬೇಕು. ಆದ್ದರಿಂದ ಮಹಜರನ್ನು ಓದುವ ವಿದ್ಯಾರ್ಥಿ ಆ ಚಿತ್ರೀಕರಣ ಎಲ್ಲಿದೆ, ಮ್ಯಾಜಿಸ್ಟ್ರೇಟ್‌ಗೆ ಕಳುಹಿಸಿದ್ದಾರೆಯೇ ಎಂದು ಕೇಳುವುದನ್ನು ಕಲಿಯಲಿ. ನಾನು ಸಹಾಯಕ ಸರ್ಕಾರಿ ವಕೀಲನಾಗಿ (ಎಪಿಪಿ) ಸರ್ಕಾರದ ಪರ ಇದ್ದವನು, ಆದರೂ ಹೇಳುತ್ತೇನೆ. ಎದುರಿಗೆ ಸಿದ್ಧರಾಗಿ ಬಂದ ವಕೀಲರಿದ್ದರೆ ತನಿಖೆಯೂ ಸುಧಾರಿಸುತ್ತದೆ.

ಆದರೆ ಬರೀ ಆರೋಪಿಯ ಪಕ್ಕ ಕೂರಿಸಿದರೆ ವಿದ್ಯಾರ್ಥಿಗೆ ದೂರುದಾರರ ಮುಖ ಕಾಣುವುದಿಲ್ಲ. ಮೊಬೈಲ್ ಕಳೆದುಕೊಂಡ ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳಿಗೆ ಅದು ಒಂದು ತಿಂಗಳ ಸಂಬಳ. ಅದನ್ನೂ ಅವರು ಅರಿಯಬೇಕು.

ಇಪ್ಪತ್ತೆರಡು ವರ್ಷದ ಪ್ರಾಕ್ಟೀಸ್

ಎಪಿಪಿ ಸಾಹೇಬರ ಕೊನೆಯ ಮಾತನ್ನು ನಾನು ಒಪ್ಪುವುದಿಲ್ಲ. ದೂರುದಾರರ ಪರ ಇಡೀ ಪೊಲೀಸ್ ಠಾಣೆ ಮತ್ತು ಸರ್ಕಾರಿ ವಕೀಲರು ಇದ್ದಾರೆ. ಆರೋಪಿಯ ಪಕ್ಕ ನಿಂತವನು ಎರಡೂ ಕಡೆ ತೂಗುತ್ತ ನಿಂತರೆ ಅವನು ವಕೀಲನಲ್ಲ, ಪಂಚಾಯ್ತಿ ಮಾಡುವವನು. ಈ ಒಂದು ವಿಷಯದಲ್ಲಿ ನಾನು ಮೇಡಂ ಕಡೆ.

ಯಾದಗಿರಿಯಿಂದ ಬಂದವನು

ಯಾರೂ ಭಾಷೆಯ ಬಗ್ಗೆ ಮಾತೆತ್ತಲಿಲ್ಲವಲ್ಲ. ನಮ್ಮ ರಾಜ್ಯದಲ್ಲಿ ದೂರು, ಮಹಜರು, ಸಾಕ್ಷಿಗಳ ಹೇಳಿಕೆ, ಆ 'ಸ್ವಇಚ್ಛಾ ಹೇಳಿಕೆ' ಎಲ್ಲವೂ ಹೆಚ್ಚಾಗಿ ಕನ್ನಡದಲ್ಲಿವೆ, ಅದೂ ಠಾಣೆಯ ಕನ್ನಡದಲ್ಲಿ. 'ಸದರಿ ಆಸಾಮಿಯು ಮೇಲ್ಕಂಡ ಮಾಲನ್ನು ಹಾಜರುಪಡಿಸಿದ್ದು' ಎಂಬ ವಾಕ್ಯವನ್ನು ಕನ್ನಡ ಮಾತೃಭಾಷೆಯವರೇ ಎರಡು ಸಲ ಓದಬೇಕು. ನಾವು ಕಲಿಯುವುದು ಇಂಗ್ಲಿಷ್ ಪುಸ್ತಕಗಳಿಂದ. ನನ್ನ ತರಗತಿಯಲ್ಲಿ ಅರ್ಧದಷ್ಟು ಜನ ಬೇರೆ ರಾಜ್ಯದವರು. ಅಣಕು ನ್ಯಾಯಾಲಯದಲ್ಲಿ ಬಹುಮಾನ ಗೆದ್ದ ನನ್ನ ಗೆಳೆಯನಿಗೆ ಒಂದು ಎಫ್‌ಐಆರ್‌ನ ಕೊನೆಯ ಪ್ಯಾರಾವನ್ನು ನಾನು ಓದಿ ಹೇಳಬೇಕಾಯಿತು. ಅದೇ ದಿನ, ನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ, ಕನ್ನಡದಲ್ಲೇ ಪರೀಕ್ಷೆ ಬರೆಯುವ ನಮ್ಮಂಥವರಿಗೆ ತಿಳಿದಿರುವುದು ಆ ಕಾಲೇಜಿನಲ್ಲಿ ಬೇರೆಯವರಿಗೆ ಬೇಕಾಯಿತು.

ಮೇಡಂ, ಮೊದಲ ಒಂದು ತಿಂಗಳು ಠಾಣೆಯ ಕಾಗದ ಓದುವುದನ್ನೇ ಕಲಿಸಿ. ಪ್ರತಿ ಜೋಡಿಯಲ್ಲಿ ಒಬ್ಬರಾದರೂ ಕನ್ನಡ ಚೆನ್ನಾಗಿ ಓದುವವರಿರಲಿ.

ಜೆ.ಸಿ. ನಗರ ನಿವಾಸಿ

ಕನ್ನಡ ಅಷ್ಟೇ ಸಾಲದು. ಒಳಗಿರುವವರಲ್ಲಿ ಒಡಿಯಾ, ಬಂಗಾಳಿ, ಹಿಂದಿ ಬಿಟ್ಟು ಬೇರೆ ಬಾರದವರೂ ಇದ್ದಾರೆ. ಬೇರೆ ರಾಜ್ಯದ ವಿದ್ಯಾರ್ಥಿಗಳ ಕೆಲಸ ಅಲ್ಲಿ.

ಸಾಕ್ಷ್ಯ ಕಾನೂನು ಓದುವವನು

ಗೋಪ್ಯತೆಯ ವಿಷಯದಲ್ಲಿ ಎಚ್ಚರ ಬೇಕು. ಆರೋಪಿ ತನ್ನ ವಕೀಲರಿಗೆ ಹೇಳಿದ್ದನ್ನು ಬಹಿರಂಗಪಡಿಸುವಂತಿಲ್ಲ ಎಂಬ ರಕ್ಷಣೆ ಈಗ 2023ರ ಸಾಕ್ಷ್ಯ ಅಧಿನಿಯಮದ 132ನೇ ಕಲಮಿನಲ್ಲಿದೆ. ಅದು ವಕೀಲರ ದುಭಾಷಿ, ಗುಮಾಸ್ತ ಮತ್ತು ನೌಕರರಿಗೂ ಅನ್ವಯಿಸುತ್ತದೆ. 'ವಿದ್ಯಾರ್ಥಿ' ಎಂಬ ಪದ ಅಲ್ಲಿಲ್ಲ. ಆದ್ದರಿಂದ ಪ್ರತಿ ವಿದ್ಯಾರ್ಥಿಯೂ ಕ್ಲಿನಿಕ್‌ನ ವಕೀಲರ ಕೈಕೆಳಗೆ ಕೆಲಸ ಮಾಡುತ್ತಿದ್ದಾನೆಂದು ಬರಹದಲ್ಲಿ ಇರಬೇಕು, ಆರೋಪಿಯ ಲಿಖಿತ ಒಪ್ಪಿಗೆಯೂ ಇರಬೇಕು, ಮತ್ತು ಸಂದರ್ಶನದ ಟಿಪ್ಪಣಿ ಡೈರಿಗೆ ಹೋಗಲೇಬಾರದು. ನಾವು ಅಂಕಕ್ಕಾಗಿ ಬರೆಸುವ ಡೈರಿ ಪರೀಕ್ಷಕರ ಕೈಗೆ ಹೋಗುತ್ತದೆ, ನಂತರ ಕಾಲೇಜಿನ ಕಪಾಟಿನಲ್ಲಿ ವರ್ಷಗಟ್ಟಲೆ ಬಿದ್ದಿರುತ್ತದೆ. ಅದರಲ್ಲಿ ಆರೋಪಿಯ ಹೆಸರು, ಅಪರಾಧ ಸಂಖ್ಯೆ, ಅವನು ಹೇಳಿದ ಮಾತು ಎಲ್ಲವೂ ಇದ್ದರೆ ಹೇಗೆ?

ಇನ್ನೊಂದು. ಮೊದಲ ಭೇಟಿಯಲ್ಲೇ 'ನೀನು ಮಾಡಿದ್ದೀಯಾ?' ಎಂದು ಕೇಳುವ ಚಪಲ ಹೊಸಬರೆಲ್ಲರಿಗೂ ಇರುತ್ತದೆ. ಆ ಕೋಣೆಯಲ್ಲಿ ಸಿಬ್ಬಂದಿ ನಾಲ್ಕು ಅಡಿ ದೂರದಲ್ಲಿ ನಿಂತಿರುತ್ತಾರೆ.

ಅರೆಕಾಲಿಕ ಉಪನ್ಯಾಸಕ

ಅದಕ್ಕೆ ಬದಲು ಏನು ಕೇಳಬೇಕೆಂದರೆ: ಎಂದು ಹಿಡಿದರು, ಎಲ್ಲಿ ಹಿಡಿದರು, ಯಾವ ಕಾಗದಕ್ಕೆ ಸಹಿ ಹಾಕಿಸಿಕೊಂಡರು, ಮನೆಯವರಿಗೆ ತಿಳಿಸಿದರೇ, ಔಷಧಿ ಏನಾದರೂ ತೆಗೆದುಕೊಳ್ಳುತ್ತಿದ್ದೀರಾ, ಹಿಂದೆ ಕೇಸು ಇದೆಯೇ. ತಪ್ಪಿತಸ್ಥನೋ ಅಲ್ಲವೋ ಎಂಬುದು ಜಾಮೀನಿನ ಹಂತದಲ್ಲಿ ವಿದ್ಯಾರ್ಥಿಗೆ ಬೇಕಾದ ಮಾಹಿತಿಯೇ ಅಲ್ಲ.

ತಮ್ಮನ ಅಕ್ಕ

ನಾನು ವಕೀಲಳಲ್ಲ. ಹೊಲಿಗೆ ಅಂಗಡಿ ನಡೆಸುತ್ತೇನೆ. ಎರಡು ವರ್ಷದ ಹಿಂದೆ ನನ್ನ ತಮ್ಮ ಐದು ತಿಂಗಳು ಪರಪ್ಪನ ಅಗ್ರಹಾರದಲ್ಲಿದ್ದ. ಕೇಸಿನ ವಿವರ ಇಲ್ಲಿ ಬೇಡ. ನಮ್ಮ ವಕೀಲರು ಕೆಟ್ಟವರಲ್ಲ, ಆದರೆ ಅವರಿಗೆ ಫೋನ್ ಮಾಡಿದರೆ 'ಕೋರ್ಟಿನಲ್ಲಿದ್ದೇನಮ್ಮ' ಎಂಬ ಉತ್ತರ ಬರುತ್ತಿತ್ತು. ಅವರ ಬಳಿ ಕಾನೂನು ಓದುವ ಒಬ್ಬ ಹುಡುಗಿ ಬರುತ್ತಿದ್ದಳು. ಅವಳು ಮೊದಲ ಸಲ ತಮ್ಮನನ್ನು ನೋಡಿ ಬಂದು ನನಗೆ ಫೋನ್ ಮಾಡಿ, 'ಅಕ್ಕಾ, ಅವನಿಗೆ ಉಬ್ಬಸ ಇದೆಯಂತೆ, ಪಂಪ್ ಖಾಲಿಯಾಗಿದೆಯಂತೆ, ಡಾಕ್ಟರ ಹಳೇ ಚೀಟಿ ಮನೆಯಲ್ಲಿದೆಯೇ?' ಎಂದು ಕೇಳಿದಳು. ಅದನ್ನು ಅವನು ನಮಗೂ ಹೇಳಿರಲಿಲ್ಲ. ಭೇಟಿಯಲ್ಲಿ ಗಾಜಿನ ಆಚೆ ಕೂತು ಚೆನ್ನಾಗಿದ್ದೇನೆ ಅಂತಲೇ ಹೇಳುತ್ತಿದ್ದ. ಅವಳು ಚೀಟಿ ತೆಗೆದುಕೊಂಡು ಹೋಗಿ, ವಕೀಲರಿಂದ ಅರ್ಜಿ ಹಾಕಿಸಿ, ನಾಲ್ಕನೇ ದಿನ ಪಂಪ್ ಒಳಗೆ ಹೋಗುವಂತೆ ಮಾಡಿದಳು.

ಆ ಐದು ತಿಂಗಳಲ್ಲಿ ಮುಂದಿನ ವಾಯಿದೆ ಯಾವತ್ತು ಅಂತ ತಾನಾಗಿ ಫೋನ್ ಮಾಡಿ ಹೇಳಿದ್ದು ಅವಳೊಬ್ಬಳೇ. ಅದು ಮೊಬೈಲಿನಲ್ಲೇ ಸಿಗುತ್ತದೆ ಅಂತ ಆಮೇಲೆ ಗೊತ್ತಾಯಿತು, ನಮಗೆ ಯಾರೂ ತೋರಿಸಿರಲಿಲ್ಲ. ಡಿಸೆಂಬರಿನಲ್ಲಿ ಅವಳಿಗೆ ಪರೀಕ್ಷೆ ಬಂತು. ಆ ತಿಂಗಳು ಅವನ ವಾಯಿದೆ ಎರಡು ಸಲ ಮುಂದೆ ಹೋಗಿದೆ, ನಾವು ಎರಡು ಸಲವೂ ಸುಮ್ಮನೆ ಕೋರ್ಟಿಗೆ ಹೋಗಿ ಬಂದೆವು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಒಬ್ಬಳನ್ನೇ ನಂಬಿ ಇಂಥ ಕೆಲಸ ಕಟ್ಟಬೇಡಿ ಅಂತ ಮೇಡಂಗೆ ಹೇಳುತ್ತೇನೆ.

ಐದನೇ ವರ್ಷದ ವಿದ್ಯಾರ್ಥಿನಿ

ಅಕ್ಕಾ, ಇದನ್ನು ಬರೆದದ್ದಕ್ಕೆ ಧನ್ಯವಾದ. ನಾನು ಇಂಟರ್ನ್‌ಶಿಪ್ ಮುಗಿಸಿ ಬಂದ ಮೇಲೆ ಆ ಫೈಲನ್ನು ಯಾರಿಗೂ ಸರಿಯಾಗಿ ಒಪ್ಪಿಸಿರಲಿಲ್ಲ.

ದಿನ ಎಣಿಸುವವ

ವಿದ್ಯಾರ್ಥಿಗಳಿಗೆ ಕೊಡಬಹುದಾದ ಅತ್ಯಂತ ಬೆಲೆಯುಳ್ಳ ಕೆಲಸ ಕ್ಯಾಲೆಂಡರ್. ನಾಗರಿಕ ಸುರಕ್ಷಾ ಸಂಹಿತೆಯ 187ನೇ ಕಲಮಿನಂತೆ ಚಾರ್ಜ್‌ಶೀಟ್ ಸಲ್ಲಿಸಲು 60 ದಿನ, ಹತ್ತು ವರ್ಷ ಅಥವಾ ಹೆಚ್ಚು ಶಿಕ್ಷೆಯಿರುವ ಅಪರಾಧಗಳಿಗೆ 90 ದಿನ. ಅದು ಮೀರಿದರೆ ಜಾಮೀನು ಆರೋಪಿಯ ಹಕ್ಕು. ಆದರೆ ಚಾರ್ಜ್‌ಶೀಟ್ ಬೀಳುವ ಮೊದಲೇ ಅರ್ಜಿ ಹಾಕಿರಬೇಕು, ಇಲ್ಲದಿದ್ದರೆ ಹಕ್ಕು ಹೋಯಿತು. ಮ್ಯಾಜಿಸ್ಟ್ರೇಟ್ ಮೊದಲು ಬಂಧನಕ್ಕೆ ಒಪ್ಪಿಸಿದ ದಿನವನ್ನೂ ಲೆಕ್ಕಕ್ಕೆ ಹಿಡಿಯಬೇಕೆಂದು ಸುಪ್ರೀಂ ಕೋರ್ಟ್ 2023ರ ಮಾರ್ಚ್‌ನಲ್ಲಿ ಹೇಳಿದೆ. ಒಂದು ದಿನದ ತಪ್ಪು ಎಣಿಕೆಯಿಂದ ತಿಂಗಳುಗಟ್ಟಲೆ ಒಳಗೆ ಉಳಿದವರನ್ನು ನಾನು ನೋಡಿದ್ದೇನೆ. ನಮ್ಮ ಆಫೀಸಿನ ಗೋಡೆಯ ಕ್ಯಾಲೆಂಡರಿನಲ್ಲಿ 55ನೇ ದಿನಕ್ಕೆ ಕೆಂಪು ಪೆನ್ಸಿಲ್ ಗುರುತು ಹಾಕುತ್ತೇವೆ, ಅರ್ಜಿ ಅಂದೇ ಸಿದ್ಧವಾಗಿರುತ್ತದೆ. ಹಾಗೆಯೇ ಗರಿಷ್ಠ ಶಿಕ್ಷೆಯ ಅರ್ಧ ಅವಧಿ ಕಳೆದವರಿಗೆ 479ನೇ ಕಲಮಿನ ಬಿಡುಗಡೆ.

ಸಾಕ್ಷ್ಯ ಕಾನೂನು ಓದುವವನು

ಒಂದು ತಿದ್ದುಪಡಿ. ಹಿಂದೆ ಎಂದೂ ಶಿಕ್ಷೆಯಾಗದವರಿಗೆ ಮೂರನೇ ಒಂದು ಭಾಗ ಕಳೆದರೆ ಸಾಕು. ಹಳೆಯ ಪ್ರಕರಣಗಳಲ್ಲಿ ಒಳಗಿರುವವರಿಗೂ ಅದು ಅನ್ವಯ ಎಂದು 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯಿರುವ ಅಪರಾಧಗಳು ಹೊರಗುಳಿಯುತ್ತವೆ. ಒಂದಕ್ಕಿಂತ ಹೆಚ್ಚು ಪ್ರಕರಣಗಳಿದ್ದರೆ ಎರಡನೇ ಉಪಕಲಮು ಅಡ್ಡ ಬರುತ್ತದೆ.

ಶೂರಿಟಿ ಕಷ್ಟ ಕಂಡವಳು

ಜಾಮೀನು ಆದೇಶ ಆದ ದಿನ ವಿದ್ಯಾರ್ಥಿಗಳು ಸಂಭ್ರಮಿಸಿ ಡೈರಿ ಮುಚ್ಚುತ್ತಾರೆ. ಆದರೆ ಎಷ್ಟೋ ಪ್ರಕರಣಗಳಲ್ಲಿ ಮನುಷ್ಯ ಅಲ್ಲೇ ಸಿಕ್ಕಿಬೀಳುತ್ತಾನೆ. ಬೇರೆ ಜಿಲ್ಲೆಯಿಂದ ಬಂದ ಗಾರೆ ಕೆಲಸದವನಿಗೆ ಬೆಂಗಳೂರಿನಲ್ಲಿ ಪಹಣಿ, ತೆರಿಗೆ ರಸೀದಿ ಹಿಡಿದು ಬರುವ ಜಾಮೀನುದಾರ (ಶೂರಿಟಿ) ಎಲ್ಲಿ ಸಿಗುತ್ತಾನೆ? ದೂರದ ಜಿಲ್ಲೆಯವರ ಜಾಮೀನನ್ನು ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ ಮೋತಿರಾಂ ಪ್ರಕರಣದಲ್ಲಿ 1978ರಲ್ಲೇ ಹೇಳಿದೆ. ಆದೇಶವಾಗಿ ಒಂದು ತಿಂಗಳೊಳಗೆ ಜಾಮೀನು ಬಾಂಡ್ ಕೊಡಲಾಗದಿದ್ದರೆ ಷರತ್ತು ಸಡಿಲಿಸುವ ಬಗ್ಗೆ ನ್ಯಾಯಾಲಯ ತಾನಾಗಿಯೇ ಯೋಚಿಸಬಹುದೆಂದು ಸುಪ್ರೀಂ ಕೋರ್ಟಿನ 2023ರ ಜನವರಿ 31ರ ಆದೇಶದಲ್ಲಿದೆ. ಬಡ ಕೈದಿಗಳಿಗಾಗಿ ಕೇಂದ್ರ ಸರ್ಕಾರದ 2023ರ ಯೋಜನೆಯಲ್ಲಿ ವಿಚಾರಣಾಧೀನರಿಗೂ ಹಣದ ನೆರವಿದೆ. ಇವೆಲ್ಲ ಕಾಗದದ ಮೇಲಿವೆ. ಅವುಗಳನ್ನು ಒಬ್ಬ ನಿರ್ದಿಷ್ಟ ಮನುಷ್ಯನ ಹೆಸರಿಗೆ ಅರ್ಜಿಯಾಗಿ ಬರೆಯುವವರು ಬೇಕು. ಅದಕ್ಕೆ ಸನ್ನದು ಬೇಕಾಗಿಲ್ಲ, ಕಾಲು ಗಟ್ಟಿಯಿರಬೇಕು.

ಹೊರಗೆ ಎಲ್‌ಎಲ್‌ಎಂ ಮಾಡಿದವನು

ಅಮೆರಿಕದಲ್ಲಿ ಈ ಪದ್ಧತಿ ಬೇರೂರಿದ್ದು ಹೇಗೆಂದು ಹೇಳುವುದು ಇಲ್ಲಿ ಉಪಯೋಗವಾಗಬಹುದು. ಬಡ ಆರೋಪಿಗೆ ಸರ್ಕಾರವೇ ವಕೀಲರನ್ನು ಕೊಡಬೇಕೆಂದು ಗಿಡಿಯನ್ ಪ್ರಕರಣದಲ್ಲಿ 1963ರಲ್ಲಿ ತೀರ್ಪಾದ ಮೇಲೆ ಅಲ್ಲಿ ವಕೀಲರ ಕೊರತೆ ಎದ್ದು ಕಂಡಿತು. 1968ರಿಂದ ಫೋರ್ಡ್ ಪ್ರತಿಷ್ಠಾನದ ಹಣದಲ್ಲಿ ಕಾಲೇಜು ಕ್ಲಿನಿಕ್‌ಗಳು ಬೆಳೆದವು, 1969ರಲ್ಲಿ ಅಲ್ಲಿನ ವಕೀಲರ ಸಂಘ ಮಾದರಿ ನಿಯಮ ರೂಪಿಸಿತು. ಕಕ್ಷಿದಾರನ ಲಿಖಿತ ಒಪ್ಪಿಗೆ ಮತ್ತು ಮೇಲ್ವಿಚಾರಕ ವಕೀಲರ ಹೊಣೆಗಾರಿಕೆಯಡಿ ಕೊನೆಯ ವರ್ಷದ ವಿದ್ಯಾರ್ಥಿ ಅಲ್ಲಿ ಪಾಟೀ ಸವಾಲನ್ನೂ ಮಾಡಬಹುದು. ನಾನು ಕಂಡ ಕ್ಲಿನಿಕ್‌ನಲ್ಲಿ ಒಬ್ಬ ವಿದ್ಯಾರ್ಥಿಗೆ ಎರಡು ಮೂರು ಪ್ರಕರಣಗಳಷ್ಟೇ ಇದ್ದವು. ಹತ್ತು ನಿಮಿಷದ ವಾದಕ್ಕೆ ಮೇಲ್ವಿಚಾರಕರು ಮೂರು ಸಂಜೆ ಕೂರುತ್ತಿದ್ದರು.

ನಮ್ಮಲ್ಲೂ ವಕೀಲರ ಅಧಿನಿಯಮಕ್ಕೆ ಅಂಥ ತಿದ್ದುಪಡಿ ಬರಬೇಕೆಂಬುದು ನನ್ನ ಅಭಿಪ್ರಾಯ.

ಇಪ್ಪತ್ತೆರಡು ವರ್ಷದ ಪ್ರಾಕ್ಟೀಸ್

ಖಂಡಿತ ಬೇಡ. ಪಾಟೀ ಸವಾಲಿನಲ್ಲಿ ಕೇಳಬಾರದ ಒಂದು ಪ್ರಶ್ನೆ ಕೇಳಿದರೆ ಅದರ ಉತ್ತರ ದಾಖಲೆಯಲ್ಲಿ ಉಳಿಯುತ್ತದೆ, ಮೇಲ್ಮನವಿಯವರೆಗೂ ಬೆನ್ನು ಹತ್ತುತ್ತದೆ. ಆದರೆ ಸಮಯದ ಹಾಳೆ, ದಿನಗಳ ಎಣಿಕೆ, ಶೂರಿಟಿ ಕಾಗದ, ಮನೆಯವರಿಗೆ ಫೋನ್, ಇವನ್ನು ವಿದ್ಯಾರ್ಥಿಗಳು ಮಾಡಬಲ್ಲರು ಎಂಬುದನ್ನು ಇಲ್ಲಿ ಬರೆದವರು ನನಗೆ ಒಪ್ಪಿಸಿದ್ದಾರೆ. ನನ್ನ ಆಕ್ಷೇಪ ಈಗ ಹನ್ನೆರಡು ಎಂಬ ಸಂಖ್ಯೆಗೆ. ಒಬ್ಬ ವಕೀಲರಿಂದ ಹನ್ನೆರಡು ಜನರ ಬರಹವನ್ನು ಸಾಲು ಸಾಲಾಗಿ ತಿದ್ದಲು ಸಾಧ್ಯವಿಲ್ಲ.

ಅಪರಾಧ ಕಾನೂನಿನ ಅಧ್ಯಾಪಕಿ

ಎಲ್ಲರ ಮಾತನ್ನೂ ಎರಡೆರಡು ಸಲ ಓದಿದೆ. ಹನ್ನೆರಡನ್ನು ಆರಕ್ಕೆ ಇಳಿಸುತ್ತೇನೆ. ಇಬ್ಬರಿಗೆ ಒಂದು ಫೈಲು, ಒಟ್ಟು ಮೂರೇ ಫೈಲು. ಜೋಡಿಯಲ್ಲಿ ಒಬ್ಬರು ನಾಲ್ಕನೇ ವರ್ಷದವರು, ಹಿರಿಯರು ಹೊರಟುಹೋದಾಗ ಫೈಲು ಅವರ ಕೈಯಲ್ಲಿ ಉಳಿಯುವಂತೆ. ಪರೀಕ್ಷೆ ಮತ್ತು ರಜೆಯ ವಾರಗಳಿಗೆ ಯಾರು ಮನೆಯವರಿಗೆ ಫೋನ್ ಮಾಡಬೇಕೆಂಬ ಪಟ್ಟಿ ಸೆಮಿಸ್ಟರ್ ಶುರುವಾಗುವ ಮೊದಲೇ ಆಗಬೇಕು. ಅಂಕದ ಡೈರಿಯಲ್ಲಿ ತಾನು ಮಾಡಿದ ಕೆಲಸ ಮತ್ತು ಅದರ ಕಾರಣ ಮಾತ್ರ, ಆರೋಪಿ ಹೇಳಿದ್ದು ವಕೀಲರ ಕಪಾಟಿನಲ್ಲಿ. ಮೊದಲ ತಿಂಗಳು ಜೈಲಿಗೆ ಹೋಗುವುದಿಲ್ಲ, ಠಾಣೆಯ ಕಾಗದ ಓದುತ್ತೇವೆ. ಯಾದಗಿರಿಯವರು ಒಪ್ಪಿದರೆ ಎರಡು ಶನಿವಾರ ನಮ್ಮಲ್ಲಿಗೆ ಬಂದು ಓದಿಸಬೇಕೆಂದು ಕೇಳಿಕೊಳ್ಳುತ್ತೇನೆ.

ಎಪಿಪಿ ಸರ್ ಎತ್ತಿದ ದೂರುದಾರರ ವಿಷಯಕ್ಕೆ ನನ್ನಲ್ಲಿ ಇನ್ನೂ ಉತ್ತರ ಸಿದ್ಧವಿಲ್ಲ. ಅದನ್ನು ತರಗತಿಯಲ್ಲಿ ಚರ್ಚೆಗೆ ಇಡುತ್ತೇನೆ, ಫೈಲಿನೊಳಗೆ ತರುವುದಿಲ್ಲ.

ಯಾದಗಿರಿಯಿಂದ ಬಂದವನು

ಬರುತ್ತೇನೆ ಮೇಡಂ. ಹಳೆಯ, ಮುಗಿದ ಫೈಲುಗಳು ಬೇಕಾಗುತ್ತವೆ, ಹೆಸರು ಅಳಿಸಿದವು.

ಇಪ್ಪತ್ತೆರಡು ವರ್ಷದ ಪ್ರಾಕ್ಟೀಸ್

ಖುಲಾಸೆಯಾದ ನಾಲ್ಕು ಮತ್ತು ಶಿಕ್ಷೆಯಾದ ಎರಡು ಫೈಲುಗಳನ್ನು ಕಕ್ಷಿದಾರರನ್ನು ಕೇಳಿ ನಾನು ಕೊಡುತ್ತೇನೆ. ಶಿಕ್ಷೆಯಾದವನ್ನು ಮೊದಲು ಓದಿಸಿ.

ತಮ್ಮನ ಅಕ್ಕ

ಮೇಡಂ, ಒಂದು ಕೇಳಬೇಕಿತ್ತು. ಆ ಕಲಬುರಗಿಯ ಹುಡುಗ ಏನಾದ?

ಅಪರಾಧ ಕಾನೂನಿನ ಅಧ್ಯಾಪಕಿ

ಕಾನೂನು ನೆರವಿನ ವಕೀಲರು ಅರ್ಜಿ ಹಾಕಿ, 47ನೇ ದಿನ ಜಾಮೀನಾಯಿತು. ಶೂರಿಟಿ ಸಿಗದೆ ಇನ್ನೂ ಹತ್ತೊಂಬತ್ತು ದಿನ ಒಳಗೇ ಇದ್ದ. ಆ ಮಾತು ಹೇಳಿದ್ದ ನಮ್ಮ ವಿದ್ಯಾರ್ಥಿಯೇ ಊರಿಗೆ ಹೋಗಿ, ಅವರ ಸೋದರಮಾವನ ಪಹಣಿ ಮಾಡಿಸಿಕೊಂಡು, ಅವರನ್ನು ಜೊತೆಗೆ ಕರೆದುಕೊಂಡು ಬಂದ. ವಿಚಾರಣೆ ಇನ್ನೂ ನಡೆಯುತ್ತಿದೆ. ಪ್ರತಿ ವಾಯಿದೆಯ ಹಿಂದಿನ ದಿನ ಆ ತಾಯಿ ಅವನಿಗೇ ಫೋನ್ ಮಾಡಿ, ನಾಳೆ ಬರಬೇಕೋ ಬೇಡವೋ ಎಂದು ಕೇಳುತ್ತಾರೆ. ಅವನು ಕೋರ್ಟಿನ ಪಟ್ಟಿ ನೋಡಿದ ಮೇಲಷ್ಟೇ ಉತ್ತರ ಹೇಳುತ್ತಾನೆ.